ಸೂಜಿಮೊನೆಯಷ್ಟು

ಮೋನಬ್ಬ ಹಣ್ಣನ್ನು ನೋಡುವುದಿಲ್ಲ, ಒತ್ತುತ್ತಾನೆ.
ಹೆಬ್ಬೆರಳು ಒಂದು ಸುತ್ತು ತಿರುಗಿ
ಎಲ್ಲೋ ಒಂದು ಕಡೆ ನಿಲ್ಲುತ್ತದೆ.
"ಇಲ್ಲಿ," ಅನ್ನುತ್ತಾನೆ.
ಸೂಜಿಮೊನೆಯಷ್ಟು ತೂತು,
ಸುತ್ತ ಬೆಂದ ಹಾಗೆ ಮೆತ್ತಗೆ.

ಆ ತೂತಿನೊಳಗೆ ಹೋದದ್ದು:
ಮರಕ್ಕೆ ಆರುನೂರು ಅಂದಿದ್ದ ಚೇಣಿಯಲ್ಲಿ ನಾನೂರು,
ನಾನು ಅಡ್ವಾನ್ಸು ಕೊಟ್ಟಿದ್ದ ಹೊಲಿಗೆ ಮಿಷನ್ನು.
ಕಾಫಿ ನಡುವೆ ಅರವತ್ತೆರಡು ಕಿತ್ತಳೆ ಮರ ನಮ್ಮದು.
ಕಾಫಿ ಮನೆ ನಡೆಸುತ್ತದೆ,
ಕಿತ್ತಳೆ ನನ್ನ ಕೈಖರ್ಚು.

ಮೊದಲು ಬಾವಲಿಯನ್ನು ಬೈದೆವು.
ಆಮೇಲೆ ಮಂಜನ್ನು, ಆಮೇಲೆ ಧರ್ಮೇಶನ ಕಣ್ಣನ್ನು.
ಸಕಲೇಶಪುರದ ಗೊಬ್ಬರದಂಗಡಿಯವನು ಕೊಟ್ಟ ಹಸಿರು ಬಾಟಲಿಯನ್ನು
ಡ್ರಮ್ಮಿಗೆ ಸುರಿದು ನಡುಹಗಲು ಹೊಡೆದೆವು.
ತುಡುವೆ ಜೇನು ಪೆಟ್ಟಿಗೆಯ ಬಾಯಲ್ಲಿ ರಾಶಿ ಬಿತ್ತು.
ಹಣ್ಣು ಉದುರುವುದು ನಿಲ್ಲಲಿಲ್ಲ.
ಬಿಲ್ಲು ಇನ್ನೂ ಇದೆ, ಸಕ್ಕರೆ ಡಬ್ಬಿಯ ಕೆಳಗೆ.

ಯಸಳೂರಿನ ಹಾಲಿನ ಡೈರಿಯಲ್ಲಿ ತರಬೇತಿ ಅಂದಾಗ
ಹನ್ನೊಂದು ಜನ ಹೋದೆವು,
ಏಳು ಜನ ಪುಕ್ಕಟೆ ಬಾಟಲಿಗೆ.
ಕಸ್ತೂರಿ ಬಿರಾದಾರ ಇಂಡಿಯ ಕಡೆಯವಳು,
ಲಿಂಬೆತೋಟದಲ್ಲಿ ಬೆಳೆದವಳು,
ನಮ್ಮ ಚಳಿಗೆ ಎರಡು ಸ್ವೆಟರು.
ಗೋಡೆಗೆ ಅಂಟಿಸಿದ ಚಾರ್ಟು ಜಾರಿ ಬಿತ್ತು,
ಅವಳು ಮತ್ತೆ ಎತ್ತಲಿಲ್ಲ.
ಒಬ್ಬೊಬ್ಬರ ಕೈಗೂ ಉದುರಿದ ಹಣ್ಣೊಂದು, ಚಾಕುವೊಂದು.
ಕೊಯ್ದೆವು.
ಧರ್ಮೇಶನದರಲ್ಲಿ ಅಕ್ಕಿನುಚ್ಚಿನಂಥ ಹುಳ
ಮಿಡಿದು ಅವನ ಅಂಗಿಗೇ ಹಾರಿತು.
ನನ್ನದರಲ್ಲಿ ಏನೂ ಇಲ್ಲ,
ಒಣಗಿದ ತೊಳೆ, ಹುಳಿ ವಾಸನೆ.

"ಅದು ತತ್ತಿ ಇಡೂ ನೊಣ, ಬಾಟಲಿಗೆ ಬೀಳ್ತದ.
ಇದು ಕುಡದು ಹೋಗೂದು. ಇದಕ್ಕ ಹಗಲ ಪಾಠ ಸಾಲಂಗಿಲ್ರಿ.
ರಾತ್ರಿ ಬರ್ತೀನಿ, ಬ್ಯಾಟರಿ ಹಿಡಕೊಂಡು ನಿಂದರ್ರಿ."

ಎಂಟೂವರೆಗೆ ತೋಟದಲ್ಲಿ ಬೆಳಕು ಎತ್ತಿದರೆ
ಹಣ್ಣುಹಣ್ಣಿನ ಮೇಲೂ ಎರಡೆರಡು ಕೆಂಡ.
ಕಣ್ಣು.
ಮೇಲುರೆಕ್ಕೆ ತರಗೆಲೆ. ಬೆದರಿ ಬಿಚ್ಚಿದರೆ
ಒಳಗೆ ಥೇಟು ಕಿತ್ತಳೆಯ ಬಣ್ಣ.
ನನ್ನ ಮರ ತನ್ನ ಬಣ್ಣ ಉಟ್ಟವರಿಗೆ
ತಾನೇ ಕುಡಿಸುತ್ತಿದೆಯೇನೋ ಅನ್ನಿಸಿ
ಒಂದು ಗಳಿಗೆ ಬಲೆ ಬೀಸಲಾಗಲಿಲ್ಲ.
ಆಮೇಲೆ ಬೀಸಿದೆ.

"ಇವು ಹುಟ್ಟೋದೆಲ್ಲಿ?" ಕೇಳಿದ್ದು ನಾನೇ.
ಅವಳು ಉತ್ತರ ಹೇಳದೆ ನಮ್ಮ ಬೇಲಿಯ ಕಡೆ ನಡೆದಳು.

ಅಮೃತಬಳ್ಳಿ.
ಕೊರೋನಾ ವರ್ಷ ಅತ್ತೆ ನೆಟ್ಟದ್ದು.
ಕಷಾಯ ಕುಡಿದು ಉಳಿದೆವೋ, ಸುಮ್ಮನೆ ಉಳಿದೆವೋ,
ಊರೆಲ್ಲ ಕಡ್ಡಿ ಕೇಳಿತು,
ಊರಿಗೆಲ್ಲ ಮುರಿದು ಕೊಟ್ಟವಳು ನಾನು.
ಎಲೆಯ ಅಡಿಯಲ್ಲಿ ಬೆರಳುದ್ದದ ಕಪ್ಪು ಹುಳ,
ಪಕ್ಕೆಯಲ್ಲಿ ಬರೆದಿಟ್ಟ ಹಾಗೆ ಸುಳ್ಳು ಕಣ್ಣು.
ಉಳಿದ ಹತ್ತು ಬ್ಯಾಟರಿಗಳು
ನನ್ನ ಮುಖಕ್ಕೆ ತಿರುಗಿದವು.

ಕೀಳೋಣ ಅಂದಾಗ ಅತ್ತೆ ಬೇಲಿಗೆ ಅಡ್ಡ ನಿಂತಳು:
"ಕಿತ್ತಳೆ ತಿಂದು ಜ್ವರ ಬಿಟ್ಟದ್ದು ಯಾರಿಗೆ, ಹೇಳು."
ಬಿರಾದಾರಳ ಚಾರ್ಟಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.
ಸ್ವೆಟರಿನ ತೋಳು ಎಳೆದುಕೊಂಡು ಯೋಚಿಸಿದಳು.
"ಒಂದು ಇರ್ಲಿ ಆಯಿ, ಉಳದದ್ದು ಕೀಳೂಣು.
ಆ ಒಂದರ ಹುಳ ದಿನಾ ನೀವ ಆರಸಬೇಕು."

ಈಗ ಬೆಳಿಗ್ಗೆ ಹಾಲು ಕರೆದ ಮೇಲೆ
ಅತ್ತೆ ಎಲೆ ಮಗುಚುತ್ತಾಳೆ,
ಸೋಪುನೀರಿನ ಚೊಂಬಿಗೆ ಒಂದೊಂದೇ.
ಅಕ್ಷರ ಬಾರದವಳು.
ಹಾಲಿನ ಲೆಕ್ಕದ ಕೆಳಗೆ ಗೋಡೆಗೆ ಇದ್ದಿಲಿನ ಗೀಟು,
ಐದಕ್ಕೊಂದು ಅಡ್ಡಗೀಟು.
ಧರ್ಮೇಶ ತನ್ನ ಬಳ್ಳಿ ಕೀಳಲಿಲ್ಲ.
ಕಾಡಂಚಿನದನ್ನು ಕೀಳುವವರು ಯಾರು?
ಪತಂಗಕ್ಕೆ ಸರ್ವೆ ಕಲ್ಲು ಗೊತ್ತಿಲ್ಲ.
ಉದುರಿದ್ದನ್ನೆಲ್ಲ ಆಯ್ದು
ಮೊಣಕಾಲುದ್ದದ ಗುಂಡಿಗೆ ಹಾಕಿ ಮುಚ್ಚುತ್ತೇನೆ.
ಬೆನ್ನು ನೋಯುತ್ತದೆ.

ಮೋನಬ್ಬ ಮತ್ತೆ ಬಂದ.
ಈ ಸಲ ನಾನು ಒತ್ತಿದೆ, ಅವನಿಗಿಂತ ಮೊದಲು.
"ಇದು ನಿನ್ನೆ ರಾತ್ರಿಯದು. ಇದು ಮೂರು ದಿನದ್ದು.
ಇದು ತೂತಲ್ಲ, ಮುಳ್ಳು ಗೀರಿದ್ದು."
ಅವನ ಹೆಬ್ಬೆರಳು ಗಾಳಿಯಲ್ಲೇ ನಿಂತಿತು.
ಮುನ್ನೂರೈವತ್ತು ಅಂದ.
ಆರುನೂರಲ್ಲ. ಮಿಷನ್ನಿಗೆ ಇನ್ನೊಂದು ಬೆಳೆ ಕಾಯಬೇಕು.

ಹೊರಡುವಾಗ ಗೋಡೆ ನೋಡಿ ಕೇಳಿದ:
"ಇದೇನು, ದಿನಕ್ಕೆ ಇಷ್ಟು ಹಾಲಾ?"
ಅತ್ತೆ ಚೊಂಬು ತೊಳೆಯುತ್ತಿದ್ದಳು, ತಲೆ ಎತ್ತಲಿಲ್ಲ:
"ಹಾಲು ಮೇಲಿನ ಸಾಲು."