ಅಳತಿ

ರಾತ್ರಿ ಎರಡಾತು, ಜುಲೇಖಾಬಿ.
ಬುಧವಾರ ಹೋಗಿ ಗುರುವಾರ ಆಗೇದ.
ಇದು ವಿಜಯಪುರ, ದೊಡ್ಡ ದವಾಖಾನಿ.
ನಾನು ಕಸ್ತೂರಿ, ಸಿಸ್ಟರ.
ಎರಡು ತಾಸಿಗೊಮ್ಮೆ ಇಷ್ಟು ಹೇಳತೀನಿ,
ನಿಮಗಷ್ಟ ಅಲ್ಲ, ನನಗೂ ಬೇಕಾಗತದ.

ಈಗ ಎಡಕ್ಕ ಹೊರಳಸ್ತೀನ್ರಿ. ಬೆನ್ನಿಗೆ ದಿಂಬು.
ಹಿಮ್ಮಡಿ ಗಾದಿಗೆ ತಾಗಬಾರದು.
ಪೂರಾ ಮುಚ್ಚದ ರೆಪ್ಪಿಯೊಳಗ ಮುಲಾಮು ಎಳೀತೀನಿ,
ಸುರ್ಮಾ ಹಚ್ಚಿದ್ಹಂಗ, ಒಂದ ಗೆರಿ.
ಕೊಳವ್ಯಾಗ ಕಫ ಗೊರಗೊರ ಅಂತದ,
ಕೆಮ್ಮು ಬರತದ್ರಿ, ತಡೀರಿ, ಆತು, ಆತು.

ಉಸಿರು ಮಶೀನದ್ದು.
ನಿದ್ದಿ ತಾಸಿಗೆ ಆರು ಎಂಎಲ್,
ಹಾಲಿನಂಥ ಔಷಧ, ಪಂಪು
ಇರುವಿ ನಡದ್ಹಂಗ ದೂಡತದ.
"ಅತ್ತಿಗೆ ಕನಸು ಬೀಳತಾವೇನ್ರಿ?"
ಕಾಜಿನ ಬಾಗಿಲದಾಗ ನಿಂತು ಕೇಳಿದಳು ನಿಮ್ಮ ಸೊಸಿ.
ನಾ ಓದಿದ ಪುಸ್ತಕದಾಗ ಇದು ಇದ್ದಿಲ್ಲ.
ಸುಮ್ಮನಾದೆ. ಆಕಿನ ಹೇಳಿದಳು:
ನಲವತ್ತು ವರ್ಷ ಹೆಗಲ ಮ್ಯಾಲ ಬಳಿ ಮಲಾರ,
ತಾಳಿಕೋಟಿ, ಕಲಕೇರಿ, ಹಿಪ್ಪರಗಿ,
ಕುಬಸದ ಮನಿ, ಮದುವಿ ಮನಿ.
ತೊಡಸೂ ಮುಂದ ಒಂದ ಬಳಿ ಒಡದರ
ಆ ಹೊತ್ತು ಉಣತಿದ್ದಿಲ್ಲಂತ ನೀವು.

ಇಲ್ಲಿ ನಮಗ ಬಳಿ ಇಲ್ಲ.
ಮೊಣಕೈ ತನಕ ಬರಿಗೈ, ಸಾಬೂನು, ಸ್ಪಿರಿಟ್ಟು.
ನನ್ನವು ಲಾಕರಿನ್ಯಾಗ, ರೊಟ್ಟಿ ಡಬ್ಬಿ ಹಿಂದ.

ಆರಕ್ಕ ಡಾಕ್ಟರ ಅಂದರು: ಪಂಪು ನಿಲ್ಲಸ್ರಿ, ನೋಡೂಣು.
ಇಪ್ಪತ್ತು ನಿಮಿಷ ಏನೂ ಇಲ್ಲ.
ಆಮ್ಯಾಲ ಹುಬ್ಬು, ಒಂದೀಟ.
"ಜುಲೇಖಾಬಿ, ನನ್ನ ಕೈ ಹಿಡೀರಿ. ಗಟ್ಟಿ ಹಿಡೀರಿ."

ಹಿಡೀಲಿಲ್ಲ ನೀವು.
ಬಾತ ಬೆರಳಿಲೆ ನನ್ನ ನಾಕೂ ಬೆರಳು ಕೂಡಿಸಿ,
ಹೆಬ್ಬೆರಳು ಒಳಗ ಮಡಿಚಿ,
ಗೆಣ್ಣು ಒಂದೊಂದ ಹಿಂಡಿ ಮೆತ್ತಗ ಮಾಡಿ
ಅಲ್ಲೇ ನಿಂತಿರಿ,
ಬಾಜೂಕ ಕುಂತವರು ಬಳಿ ಕೊಡಲಿ ಅನ್ನೂಹಂಗ.

ಅಷ್ಟರಾಗ ಅಲಾರಾಂ. ಮಶೀನದ ಕೂಡ ಉಸಿರು ಜಗಳಕ್ಕ ಬಿತ್ತು,
ಬಿಪಿ ಏರಿತು, ಮತ್ತ ಹಾಲು ಹರೀತು.
"ರಿಫ್ಲೆಕ್ಸ್ ಇರಬೇಕು," ಅಂದು ಡಾಕ್ಟರ ಮುಂದಿನ ಬೆಡ್ಡಿಗೆ ಹೋದರು.
ಚಾರ್ಟಿನ್ಯಾಗ ಎರಡ ಖಾನೆ:
ಹೇಳಿದ್ದು ಮಾಡತಾರ, ಮಾಡೂದಿಲ್ಲ.
ಹೇಳಿದ್ದು ನೀವು ಮಾಡಲಿಲ್ಲ, ಖರೇ.
ಪೆನ್ನು ಹಿಡಕೊಂಡು ಎಷ್ಟೊತ್ತು ನಿಂತಿದ್ದೆನೋ.
ನನಗ ನಿಮ್ಮದು ಗೊತ್ತಿದ್ದದ್ದು ತೂಕ ಒಂದ,
ಐವತ್ತೆರಡು ಕಿಲೋ, ಔಷಧದ ಲೆಕ್ಕಕ್ಕ.
ನನ್ನ ಅಳತಿ ನಿಮಗ ಸಿಕ್ಕುಬಿಟ್ಟಿತು.

ಏಳಾಗಲಿಕ್ಕೆ ಬಂತು. ಮುಂಜಾನೆ ಪಾಳಿಯವಳು
ಹೊರಗ ಚಪ್ಪಲಿ ಬಿಡಲಿಕ್ಕತ್ಯಾಳ.
ಕಿರಿಬೆರಳಿನ ಗೆಣ್ಣು ಇನ್ನೂ ನೋಯತದ ನಂದು.
ಇವತ್ತು ಗುರುವಾರ, ಜುಲೇಖಾಬಿ.
ಈಗ ಬಲಕ್ಕ ಹೊರಳಸ್ತೀನ್ರಿ.