ನೀರು ಮುತ್ತಾಗುವಲ್ಲಿ

ಎಂಜಿನ್ ಎತ್ತಿ ಆಚೆ ಟಯರಿನ ಮೇಲೆ ಕೂರಿಸಿದ ಮೇಲೆ
ಅಂಬಾಸಿಡರಿನ ಮುಂಭಾಗ ಹಲ್ಲು ಕಿತ್ತ ಬಾಯಿ.
ಕೂಳೂರು ಸೇತುವೆಯ ಅಡಿಯಿಂದ ಬಂದ ಗಾಳಿ
ಸೀದಾ ಒಳಹೊಕ್ಕು, ಎಂತದೂ ಸಿಗದೆ, ಹೊರಗೆ ಬರುತ್ತದೆ.

ಸೆವ್ರಿನ್ ಬಾಯಿ ಹೇಳಿ ಹೋಗಿದ್ದಾರೆ:
ಅಪ್ಪನ ಟ್ಯಾಕ್ಸಿ ಇನ್ನು ಮದುವೆ ಬಾಡಿಗೆಗೆ,
ಹೊರಗೆ ದಂತದ ಬಣ್ಣ, ಒಳಗೂ ಅದೇ.
ಮದುಮಗಳು ಬಾನೆಟ್ಟಿನೊಳಗೆ ಇಣುಕುತ್ತಾಳಾ, ಎಂದು ನೌಫಲ್.
ಅವಳು ಇಣುಕುವುದಿಲ್ಲ ಮಾರಾಯ, ತುಕ್ಕು ಇಣುಕುತ್ತದೆ,
ಸೊಂಟನೋವಿನ ಹಾಗೆ, ಒಳಗಿಂದಲೇ ಶುರು.

ಮೊದಲು ಒಣ ಕೆಲಸ. ಪುಟ್ಟಿ ಪಟ್ಟಿಯಲ್ಲಿ ಕೆರೆದರೆ
ಬೆರಳು ದಪ್ಪದ ಕೀಲು, ಎಣ್ಣೆ ಕುಡಿದ ಧೂಳು,
ಅದರೊಳಗೆ ಪದರ ಪದರವಾಗಿ ಊರು:
ಬೈಕಂಪಾಡಿಯ ಕೆಮ್ಮಣ್ಣು, ಪಣಂಬೂರಿನ ಅದಿರು,
ಒಂದು ಮೀನಿನ ಹುರುಪೆ, ಇನ್ನೂ ಹೊಳೆಯುತ್ತಾ.
ಬ್ಯಾಟರಿ ತಟ್ಟೆಯ ಹಿಂದೆ ಇಲಿ ಕೂಡಿಟ್ಟ
ಒಣ ಸಿಗಡಿಯ ತಲೆಗಳು. ಎಣಿಸಿದೆವು, ಹದಿನೇಳು.

ಆಮೇಲೆ ಸೀಮೆಎಣ್ಣೆ.
ಬ್ರಷ್ ಹೋಗದ ಸಂದಿಗೆ ಹಲ್ಲುಜ್ಜುವ ಬ್ರಷ್,
ಅದೂ ಹೋಗದಲ್ಲಿ ತೆಂಗಿನ ನಾರು,
ಅದೂ ಹೋಗದಲ್ಲಿ ಉಗುರು.
ವಯರಿನ ತೂತುಗಳಿಗೆ ಹಳೇ ಪೇಪರು ತುರುಕಿದ್ದೇವೆ;
ಶ್ರದ್ಧಾಂಜಲಿ ಪುಟದ ಯಾರೋ ಒಬ್ಬರು
ಸ್ಟೀರಿಂಗ್ ಸಂದಿಯಿಂದ ಅರ್ಧ ಕನ್ನಡಕದಲ್ಲಿ ನೋಡುತ್ತಿದ್ದಾರೆ.
ಸೋಪಿನ ನೀರು, ಬಿಸಿ. ಮತ್ತೆ ನೀರು, ತಣ್ಣಗೆ.

ಇಸುಬಾಕ ಹೇಳುತ್ತಿದ್ದರು:
ಕಣ್ಣನ್ನು ನಂಬಬೇಡ, ನೀರನ್ನು ಕೇಳು.
ಕೆಸುವಿನೆಲೆಯ ಹಾಗೆ ಮುತ್ತು ನಿಂತರೆ ಜಿಡ್ಡು ಉಂಟು.
ಬಟ್ಟೆ ಹಾಸಿದ ಹಾಗೆ ಹರಿದರೆ ಮಾತ್ರ
ತಗಡು ನಿನ್ನ ಮಾತಿಗೆ ಒಪ್ಪಿದೆ.
ಅವರ ಲೆಕ್ಕದಲ್ಲಿ ಬಣ್ಣವೆಂದರೆ ಕೊನೆಯ ಕಾಲು ಗಂಟೆ,
ಉಳಿದದ್ದೆಲ್ಲ ತೊಳೆಯುವುದು.

ಮೂರನೇ ದಿನ, ಮಡ್‌ಗಾರ್ಡಿನ ಒಳಮೈಯಲ್ಲಿ,
ಬ್ಯಾಟರಿ ಕೂರುವಲ್ಲಿ,
ಹಳೇ ಕಪ್ಪಿನಲ್ಲಿ ಒಂದು ಹೆಬ್ಬೆಟ್ಟು.
ನನ್ನ ಬಾಯಿಂದ ಇಸುಬಾಕನ ಸ್ವರ ಹೊರಟಿತು:
ಯಾರಾ ಮುಟ್ಟಿದ್ದು?
ನಾನಲ್ಲ, ಎಂದ ನೌಫಲ್, ತಲೆಯೆತ್ತದೆ,
ಉತ್ತರ ಮೊದಲೇ ಜೇಬಿನಲ್ಲಿಟ್ಟವನ ಹಾಗೆ.

ಇವತ್ತಿನದಲ್ಲ ಅದು. ಬಣ್ಣದ ಜೊತೆ ಒಣಗಿದ್ದು.
ಚಿಕ್ಕ ಬೆರಳು. ಅಡ್ಡಕ್ಕೆ ಒಂದು ಗೀರು.
ಡಬ್ಬಿಯ ಮುಚ್ಚಳ ಕೊಯ್ದು ಉಬ್ಬಿದ ಈ ಕಲೆ
ನನಗೆ ಹದಿಮೂರಕ್ಕೆ ಬಂದದ್ದು.
ಒಣಗಿದೆಯಾ ಎಂದು ನೋಡಿದ್ದಲ್ಲ,
ಹೊಳಪಿಗೆ ಆಸೆಯಾಗಿತ್ತು, ಅಷ್ಟೇ.

ಅವತ್ತು ನಾನೂ ನಾನಲ್ಲ ಎಂದಿದ್ದೆ.
ಪೆಟ್ಟು ಬಿದ್ದದ್ದು ಮೊಂತುವಿನ ಕೆನ್ನೆಗೆ.
ಅವ ಅಳಲಿಲ್ಲ. ಸಂಜೆ ಚಾದ ಗ್ಲಾಸುಗಳನ್ನು ತೊಳೆದು ಕವುಚಿಟ್ಟು
ಚಪ್ಪಲಿ ಕೈಯಲ್ಲಿ ಹಿಡಿದು ಹೊಳೆಬದಿಗೆ ಇಳಿದು ಹೋದ.
ಮತ್ತೆ ಕಂಡದ್ದು ಒಂದೇ ಸಲ, ದಕ್ಕೆಯಲ್ಲಿ, ಐಸು ಒಡೆಯುತ್ತಿದ್ದ.
ನನ್ನನ್ನು ನೋಡಿ ಸುತ್ತಿಗೆ ನಿಲ್ಲಿಸಿದ.
ಮತ್ತೆ ಎತ್ತಿದ.

ಮೂವತ್ತೊಂದು ವರ್ಷ ಲಿಗೋರಿ ಪೊರ್ಬು
ಈ ಹೆಬ್ಬೆಟ್ಟನ್ನು ಹೊತ್ತುಕೊಂಡೇ
ರೈಲಿನಿಂದ ಇಳಿದವರನ್ನು ಮನೆ ಮುಟ್ಟಿಸಿದ್ದಾರೆ.

ಉಳಿಸಬಹುದಿತ್ತು. ಬ್ಯಾಟರಿ ಕೂತರೆ ಯಾರಿಗೂ ಕಾಣದು.
ಆದರೆ ಬಿರುಕು ಬಿಟ್ಟ ಬಣ್ಣದ ಮೇಲೆ ಬಣ್ಣ ನಿಲ್ಲುವುದಿಲ್ಲ.
ನೂರಿಪ್ಪತ್ತರ ಕಾಗದ, ಆಮೇಲೆ ಇನ್ನೂರಿಪ್ಪತ್ತು.
ರೇಖೆಗಳು ಬೇಗ ಹೋದವು.
ಗೀರು ಆಳದಲ್ಲಿತ್ತು, ಮೊಣಕೈ ಸೋಲುವವರೆಗೂ ಇತ್ತು.
ಕಪ್ಪಿನ ಕೆಳಗೆ ಕೆಂಪು ಆಕ್ಸೈಡು, ಅದರ ಕೆಳಗೆ ತಗಡು,
ಬೆಳಗ್ಗಿನ ಬೂತಾಯಿಯ ಹೊಟ್ಟೆಯ ಹಾಗೆ.
ತಿನ್ನರಿನಲ್ಲಿ ಒರೆಸಿ, ನುಣುಪಾಯಿತಾ ಎಂದು
ಒಮ್ಮೆ ಬೆರಳು ಆಡಿಸಿದೆ.

ನೌಫಲ್ ಚೊಂಬಿನಿಂದ ನೀರು ಬಿಟ್ಟ.
ಹರಿಯಿತು, ಬಟ್ಟೆ ಹಾಸಿದ ಹಾಗೆ.
ಒಂದೇ ಒಂದು ಕಡೆ, ಹೆಬ್ಬೆಟ್ಟಿನಗಲ,
ಮುತ್ತು ಮುತ್ತಾಗಿ ನಿಂತಿತು.

ಯಾರು ದೂಮಣ್ಣ ಮುಟ್ಟಿದ್ದು, ಎಂದ, ನಗುತ್ತಾ.
ನಾನು, ಎಂದೆ.
ಅವ ತಿನ್ನರ್ ತರಲು ಹೋದ.