ಕೊನೆಯ ತೂಬು

ಹೂಟಗಳ್ಳಿಯ ಶೆಡ್ಡು. ಪಕ್ಕದಲ್ಲಿ ಲಾರಿಗೆ ಬಾಡಿ ಕಟ್ಟುವವರು.
ಮರದ ದಿಮ್ಮಿಗಳ ಮೇಲೆ ಕೂತಿದೆ ಕುಶಾಲಪ್ಪನವರ ದೋಣಿ.
ಹಾಯಿ ಇನ್ನೂ ಗೋಣಿಚೀಲದಲ್ಲಿ.
ಸಮುದ್ರ ಒಂದು ರಾತ್ರಿಯ ಲಾರಿ ದಾರಿ.

"ನಾರ್ವೆ ಕಡೆ ಹೋಗೋದು," ಅಂದರು,
"ಅಲ್ಲಿ ಮೂಗಿನ ನೀರೂ ಗಟ್ಟಿಯಾಗುತ್ತೆ."
ಏಪ್ರಿಲ್ಲು. ತಗಡಿನ ಮಾಡು.
ನಾನು ಬನಿಯನ್ನಿನಲ್ಲಿ, ಬೆವರು ಕಣ್ಣೊಳಗೆ.

ಹಿಂದುಗಡೆ ಡೀಸೆಲ್ ಒಲೆ, ಬಿಂದಿಗೆ ಗಾತ್ರದ್ದು.
ಅಲ್ಲಿಂದ ಮೂತಿಯವರೆಗೆ ಬಿಸಿಗಾಳಿಯ ಕೊಳವೆ,
ಹಗ್ಗ, ಲಂಗರು, ಈರುಳ್ಳಿ ತುಂಬುವ ಗೂಡನ್ನು
ಹಾದು, ಬಾಗಿ, ಮತ್ತೆ ಬಾಗಿ.
ಮೂರು ಬಾಯಿ. ಒಲೆ ಹಚ್ಚಿ ಕೈ ಹಿಡಿದೆ.
ಮೊದಲನೆಯದು ಸುಟ್ಟಿತು.
ಎರಡನೆಯದು, ಹಸು ಮೂಸಿದ ಹಾಗೆ.
ಮೂರನೆಯದರಲ್ಲಿ, ಹಾಸಿಗೆ ಹತ್ತಿರದ್ದು,
ಬರೀ ಸದ್ದು.

ಈರುಳ್ಳಿ ಗೂಡಿನ ಬಾಗಿಲು ತೆರೆದೆ.
ಬಿಸಿಯೆಲ್ಲ ಅಲ್ಲೇ ಕೂತಿತ್ತು, ದಾರಿಯಲ್ಲಿ ಇಳಿದ ನೆಂಟನಂತೆ.

ನಗು ಬಂತು. ಇದನ್ನು ಕಂಡಿದ್ದೇನೆ ನಾನು,
ಮಳವಳ್ಳಿ ಕಡೆ, ನಾಲೆಯ ಬಾಲದಲ್ಲಿ.
ಅಪ್ಪ ನೀರುಗಂಟಿ.
ಮೇಲಿನೂರಿನವರು ತೂಬು ಎತ್ತಿ, ಏರಿ ಸೋರಿ,
ಏಡಿ ಬಿಲಕ್ಕೂ ಒಂದು ಪಾಲು ಹೋಗಿ
ಕೊನೆಯ ಗದ್ದೆಗೆ ಬರುವಾಗ ನೀರು ಬರೀ ಹೆಸರು.
ಲಾಟೀನು ಹಿಡಿದು ರಾತ್ರಿಯೆಲ್ಲ ಅಪ್ಪ
ಸೋರುವಲ್ಲಿ ಜೇಡಿ ಮೆತ್ತುತ್ತಿದ್ದ, ಹೊಂಗೆ ಸೊಪ್ಪು ತುರುಕುತ್ತಿದ್ದ.
ಒಮ್ಮೆ ಉಟ್ಟ ಪಂಚೆಯನ್ನೇ ತುರುಕಿ
ಚಡ್ಡಿಯಲ್ಲಿ ಬಂದ. ಅವ್ವ ಬೈದದ್ದು ಕೇರಿಗೆಲ್ಲ ಕೇಳಿತು.

ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಹಬೆ ಕೊಳವೆಗೆ ಹೊದಿಕೆ ಸುತ್ತಿದೆ.
ಗಾಜಿನ ಉಣ್ಣೆಯ ನವೆ ಮೊಣಕೈಯಲ್ಲಿ ಇನ್ನೂ ಇದೆ.
ಅಲ್ಲಿ ಬಿಸಿ ಕಳೆದರೆ ಪಾಕ ಕೆಡುತ್ತಿತ್ತು.
"ಇಲ್ಲೇನು ಕೆಡುತ್ತೆ ಸಾರ್?"
"ನಿದ್ದೆ."

ಅಂಗಾತ ಮಲಗಿ ತೆವಳಿದೆ ಗೂಡಿನೊಳಕ್ಕೆ.
ನೆಟ್ಟಗಿದ್ದ ಕಡೆ ಯಾರು ಬೇಕಾದರೂ ಸುತ್ತುತ್ತಾರೆ.
ಬಾಗಿದ ಕಡೆ ಮಾತ್ರ ಕೈ ಗೊತ್ತಾಗೋದು:
ಬಿಗಿದರೆ ಉಣ್ಣೆ ಸಾಯುತ್ತೆ, ಬಿಟ್ಟರೆ ಜಾರುತ್ತೆ.
ಬಿಸಿ ಕಾಯೋದು ಉಣ್ಣೆಯಲ್ಲ,
ಅದರ ಎಳೆಗಳ ನಡುವೆ ಸುಮ್ಮನೆ ನಿಂತ ಗಾಳಿ.
ಕೂಸಿಗೆ ಕುಲಾವಿ ಕಟ್ಟುವಷ್ಟೇ ಕಟ್ಟಬೇಕು.
ಮೇಲೆ ಬೆಳ್ಳಿ ಹಾಳೆ. ಕೀಲುಗಳಿಗೆ ಟೇಪು.
ಎರಡು ದಿನ. ಬೆನ್ನಿನ ಚರ್ಮ ಎರಡು ಕಡೆ ಕಿತ್ತಿತು.

"ಮೂತಿಯ ಹಾಸಿಗೆ ಯಾರಿಗೆ?"
"ಕಾವಲು ಮುಗಿಸಿ ನೆಂದು ಬರೋನಿಗೆ."
"ಯಾರು ಅದು?"
"ಇನ್ನೂ ಸಿಕ್ಕಿಲ್ಲ. ನೀವು ಬರ್ತೀರಾ?"
"ಈಜು ಬರಲ್ಲ ಸಾರ್."
ಅವರು ನಗಲಿಲ್ಲ.
ಆ ಕಡೆಯ ಒಂದು ಗೇಣಿಗೆ
ಇನ್ನೊಂದು ಸುತ್ತು ಹಾಕಿದೆ, ಲೆಕ್ಕಕ್ಕೆ ಬರೆಯದೆ.

ಒಲೆ ಹಚ್ಚಿದರು. ಮೂರನೇ ಬಾಯಿಗೆ ಅಂಗೈ ಒಡ್ಡಿದೆ.
ಮೊದಲು ಅದೇ ಸದ್ದು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ,
ಆಮೇಲೆ
"ಬಂತು!" ಅಂದೆ, ಕತ್ತಲಲ್ಲಿ ಅಪ್ಪ
ಕೆಳಗದ್ದೆಯವರಿಗೆ ಕೂಗುತ್ತಿದ್ದ ದನಿಯಲ್ಲೇ.
ಪಕ್ಕದ ಶೆಡ್ಡಿನವರು ಸುತ್ತಿಗೆ ನಿಲ್ಲಿಸಿ ಇಣುಕಿದರು.

ಕೈ ತೆಗೆಯಲಿಲ್ಲ.
ಏಪ್ರಿಲ್ಲಿನ ಮಧ್ಯಾಹ್ನ, ಬೆವರು ಸುರಿಯುತ್ತಾ,
ಇನ್ನಷ್ಟು ಹೊತ್ತು ಚಳಿ ಕಾಯಿಸಿದೆ.